ತೊಟ್ಟಿ ಮುಚ್ಚಿದ ಮನೆ

ಶ್ರಾವಣದ ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಭದ್ರಾವತಿ ಓಲ್ಡ್ ಟೌನ್‌ನ ನಮ್ಮ ಹಳೆಯ ಮನೆಯಲ್ಲಿ ಇದ್ದವರು ಮೂವರು: ನಾನು, ಅಲ್ಲಿ ಪಾತ್ರೆ ಅಂಗಡಿ ನಡೆಸುವ ನನ್ನ ತಂಗಿ, ಗೋಡೆ ನೋಡಲು ಬಂದ ಮೇಸ್ತ್ರಿ. "ನಡುಗೋಡೆ ಉಬ್ಬಿದೆ, ಬಾ" ಎಂದು ತಂಗಿ ಫೋನ್ ಮಾಡಿದ್ದಕ್ಕೆ ನಾನು ಶಿವಮೊಗ್ಗದ ಮಗನ ಮನೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದೆ.

ಅಜ್ಜ ಕಟ್ಟಿಸಿದ ಮನೆ. ಬೀದಿಗೆ ಜಗಲಿ, ಅದರ ಹಿಂದೆ ಮಣ್ಣಿನ ನಡುಗೋಡೆ, ಅದರಾಚೆ ನಡುಮನೆ, ಆಕಾಶಕ್ಕೆ ತೆರೆದ ತೊಟ್ಟಿ. ಎಲ್ಲಿ ನೀರು ಚೆಲ್ಲಿದರೂ ತೊಟ್ಟಿಗಿಳಿದು ಕಲ್ಲಿನ ಮೋರಿಯಲ್ಲಿ ಹಿತ್ತಲಿಗೆ ಹೋಗುತ್ತಿತ್ತು. ಮಾಡಿನ ತೊಲೆಗಳ ಭಾರವೆಲ್ಲ ನಡುಗೋಡೆಯ ಮೇಲೆ. ಗಂಡ ತೀರಿಕೊಂಡ ಮೇಲೆ ತಂಗಿ ಇಲ್ಲಿಗೆ ಬಂದು ಅಂಗಡಿ ಹಾಕಿದಳು. ಜಗಲಿಗೆ ಶಟರ್ ಬಂತು. ಸರಕಿಗೆ ಜಾಗ ಬೇಕೆಂದು ತೊಟ್ಟಿಗೂ ಮೋರಿಗೂ ಮಣ್ಣು ತುಂಬಿಸಿ, ಕಾಂಕ್ರೀಟ್ ಹಾಕಿಸಿ, ಮೇಲೆ ಶೀಟು ಹೊದಿಸಿದಳು. ಗೋಡೆಗೆ ಸೊಂಟದೆತ್ತರ ಹೊಳೆಯುವ ಟೈಲ್ಸ್.

ಮನೆಯ ಕಟ್ಟಳೆ ಮಾತ್ರ ಬದಲಾಗಲಿಲ್ಲ. ಹೊಸ್ತಿಲಿನಿಂದ ನಡುಮನೆಯವರೆಗೆ ಕೊಡಗಟ್ಟಲೆ ನೀರು ಸುರಿದು ತೊಳೆಯಬೇಕು, ಲಿಂಗಪೂಜೆಯಾಗಬೇಕು, ಆಮೇಲೆ ವ್ಯಾಪಾರ. ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ನಾನು ಹೋದಾಗಲೂ ನೆಲ ಒದ್ದೆಯಿತ್ತು.

ಮೇಸ್ತ್ರಿ ಕೆಳಸಾಲಿನ ಟೈಲ್ಸ್ ಎಬ್ಬಿಸಿದ. ಹಿಂದಿನ ಮಣ್ಣು ಕಲಸಿದ ಹಿಟ್ಟಿನಂತೆ ಕೈಗೆ ಬಂತು.

"ಯಜಮಾನ್ರೇ, ನಿಮ್ಮ ಗೋಡೆ ದಿನಾ ಸ್ನಾನ ಮಾಡಿದೆ, ಒಂದಿನಾನೂ ಮೈ ಒರೆಸ್ಕೊಂಡಿಲ್ಲ."

"ತಮಾಷೆ ಸಾಕು ಮಾರಾಯ," ಎಂದಳು ತಂಗಿ. "ಸಿಮೆಂಟ್ ಮೆತ್ತು. ಹಬ್ಬದ ವ್ಯಾಪಾರ ಹೋದ್ರೆ ನನ್ನ ವರ್ಷಾನೇ ಹೋಯ್ತು."

"ಯಾವುದಕ್ಕೆ ಮೆತ್ಲಿ ಅಕ್ಕಾ, ಪಾಯಸಕ್ಕಾ?"

ಅವಳು ನಗಲಿಲ್ಲ. ಮೊದಲು ಭಾರ ಇಳಿಸು, ಆಮೇಲೆ ಮಾತಾಡು. ನಿವೃತ್ತಿಯವರೆಗೆ ದುಡಿದ ಕಾರ್ಖಾನೆಯ ಪಾಳಿ ನನಗೆ ಕಲಿಸಿದ್ದು ಇಷ್ಟೇ. ಅಟ್ಟದ ಹಂಡೆ, ಕೊಳಗ, ಪರಾತಗಳನ್ನೆಲ್ಲ ಇಳಿಸಿ ಎದುರು ಮನೆಯ ಜಗಲಿಗೆ ಸಾಗಿಸಿದೆವು. ಅಷ್ಟರಲ್ಲಿ ಮೇಸ್ತ್ರಿಯ ಆಳುಗಳು ತೊಲೆಗೆ ಆಸರೆ ಕೊಡುವ ಕಬ್ಬಿಣದ ಜಾಕಿಗಳನ್ನು ಹತ್ತಿರದ ಮಾಚೇನಹಳ್ಳಿಯಿಂದ ತಂದರು. ಮೊದಲನೆಯದನ್ನು ಮುಚ್ಚಿದ ತೊಟ್ಟಿಯ ಮೇಲೆ ನಿಲ್ಲಿಸಿ ತಿರುಗಿಸಿದಾಗ ಕಾಂಕ್ರೀಟ್ ಬಿರಿದು ಜಾಕಿಯೇ ಕೆಳಗಿಳಿಯಿತು. ತುಂಬಿದ ಮಣ್ಣೂ ನೆನೆದಿತ್ತು. ಒಳಗೆ ಊರಲು ಗಟ್ಟಿ ನೆಲವೇ ಇರಲಿಲ್ಲ. ತೊಲೆ ಕಿರುಗುಟ್ಟಿತು, ಸುಣ್ಣ ಉದುರಿತು.

ಎಲ್ಲರೂ ಬೀದಿಗೆ ಓಡಿದೆವು. ತಂಗಿ ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆಯೇ ನಿಂತಿದ್ದಳು.

"ಬಾರೇ!"

"ಎಲ್ಲಿಗೆ ಬರ್ಲಿ ಅಣ್ಣಾ? ನಿನ್ನ ಸೊಸೆಯ ಅಡುಗೆಮನೇಲಿ ಮೂಲೆ ಹಿಡೀಲಾ?"

ನಾನು ಒಳಗೆ ಹೋಗಿ ತೋಳು ಹಿಡಿದು ಎಳೆದು ತಂದೆ.

ಮನೆ ತಾನಾಗಿ ಬಿದ್ದರೆ ಎರಡೂ ಪಕ್ಕದ ಮನೆಗಳನ್ನು ಎಳೆದುಕೊಂಡು ಬೀಳುತ್ತದೆ, ನಾವೇ ಇಳಿಸಬೇಕು ಎಂದು ಮೇಸ್ತ್ರಿ ಹೇಳಿದ. ಹೊರಗಿನಿಂದ ಏಣಿ ಹಾಕಿ ಹೆಂಚು ತೆಗೆದರು, ತೊಲೆಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ಪ್ರತಿ ತೊಲೆ ಇಳಿದಾಗಲೂ ತಂಗಿ ಕೇಳಿದಳು:

"ಜಗಲಿ ಒಂದು ಉಳಿಯುತ್ತಾ? ಅಷ್ಟಿದ್ರೆ ಸಾಕು ನಂಗೆ."

"ಜಗಲೀನೂ ಅದೇ ಗೋಡೆಗೆ ಒರಗಿದೆ ಅಕ್ಕಾ." ಈ ಸಲ ಅವನೂ ತಮಾಷೆ ಮಾಡಲಿಲ್ಲ.

ಸಂಜೆ ನಡುಗೋಡೆಯ ಕಿಟಕಿಗೆ ಹಗ್ಗ ಸುತ್ತಿ ಹಿತ್ತಲಿನಿಂದ ಎಳೆದೆವು. ಗೋಡೆ ಅಲ್ಲಾಡಿತು, ಬೀಳಲಿಲ್ಲ. ಆಗ ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ನನ್ನ ಮುಂದೆ ನಿಂತು ಹಗ್ಗ ಹಿಡಿದಳು. ಮುಂದಿನ ಎಳೆತಕ್ಕೆ ಗೋಡೆ ಕುಸಿದು ಕೂತಿತು. ಒದ್ದೆ ಮಣ್ಣು, ಧೂಳು ಕೂಡ ಏಳಲಿಲ್ಲ.

ಎದುರು ಮನೆಯವರ ಜಗಲಿಯಲ್ಲಿ ಪಾತ್ರೆಗಳನ್ನು ದೊಡ್ಡದರೊಳಗೆ ಸಣ್ಣದಿಟ್ಟು ಒಟ್ಟಿದೆವು. ಮೇಲೆ ಹೊದಿಸಿದ ಟಾರ್ಪಾಲಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದನ್ನು ನಾನು ಎಳೆದು ಕಂಬಕ್ಕೆ ಬಿಗಿದೆ.