ಜೀಪಿನ ಮೂತಿ, ಅಮ್ಮನ ಸೊಂಟ

ತೊಟ್ಟ ಅಂಗಿಗೆ ಗುಂಡಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವವನಲ್ಲ ನಾನು. ಆದರೆ ಜೀಪಿಗೆ ಬಂಪರಿಲ್ಲವೆಂಬ ಕೊರಗು ಮಾತ್ರ ತಡೆಯಲಾಗಲಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಮಿಲಿಟರಿ ಹರಾಜಿನಿಂದ ಹೊರಟು, ನಾಲ್ಕಾರು ಕೈ ದಾಟಿ ಸಾದಲಿಯ ನಮ್ಮ ಮನೆಗೆ ಬರುವಷ್ಟರಲ್ಲಿ ಅದರ ಮುಂದಿನ ಬಂಪರು ಎಲ್ಲೋ ಕಳೆದುಹೋಗಿತ್ತು. ಅದಿಲ್ಲದೆಯೂ ಗಾಡಿ ಚೆನ್ನಾಗಿಯೇ ಓಡುತ್ತಿತ್ತು, ಅದು ಬೇರೆ ವಿಷಯ.

ಚಿಂತಾಮಣಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಬಾಷಾ ಸಾಬರು ದಪ್ಪ ಕಬ್ಬಿಣದ ತೊಲೆಯೊಂದನ್ನು ಕೊಯ್ದು ಬಂಪರು ಮಾಡಿ ಬಿಗಿದರು. ಆನೆ ಗುದ್ದಿದರೂ ಆನೆಗೇ ನಷ್ಟ. ಆದರೆ ಆ ಭಾರಕ್ಕೆ ಜೀಪು ನಪಾಸಾದ ಹುಡುಗನಂತೆ ಮೂತಿ ತಗ್ಗಿಸಿ ನಿಂತಿತು. ಮೂತಿ ಎತ್ತಲು ಮುಂದಿನ ಸ್ಪ್ರಿಂಗುಗಳಿಗೆ ಲಾರಿಯ ಪ್ಲೇಟು ಸೇರಿಸಿದೆವು. ಹಿಂಭಾಗ ಮುನಿಸಿಕೊಂಡೀತೆಂದು ಅಲ್ಲಿಗೂ ಸೇರಿಸಿದೆವು. ಪ್ಲೇಟು ಹೆಚ್ಚಿದಷ್ಟೂ ಕೂತವರಿಗೆ ಸುಖ ಹೆಚ್ಚು ಎಂಬುದು ನನ್ನ ವಿಜ್ಞಾನ. ಬಾಷಾ ಸಾಬರು ಏನೋ ಹೇಳಲು ಬಾಯಿ ತೆರೆದರು, ನಾನು ಅವಕಾಶ ಕೊಡಲಿಲ್ಲ.

ಈ ಸುಖವೆಲ್ಲ ಅಮ್ಮನಿಗಾಗಿ. ಮಂಡಿಕಲ್ಲಿನಲ್ಲಿದ್ದ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ, ಜ್ವರ ಬಿಟ್ಟ ಮೇಲೂ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಸುದ್ದಿ ಬಂದಿತ್ತು. ಅಮ್ಮನಿಗೋ ಸೊಂಟನೋವು, ಎತ್ತಿನ ಗಾಡಿ ಕುಲುಕಿದರೆ ಕಣ್ಣಲ್ಲಿ ನೀರು. "ಒಂದ್ಸಲ ಅಕ್ಕನ್ನ ನೋಡ್ಬಿಡ್ಬೇಕು ಕಣೋ" ಎಂದು ದಿನವೂ ಹೇಳುತ್ತಿದ್ದಳು. ಹೆಮ್ಮೆಯಿಂದ ಜೀಪಿಗೆ ಹತ್ತಿಸಿದೆ. ಕೆರೆಯ ಏರಿ ದಾಟುವುದರೊಳಗೆ ಮೂರು ಸಲ ಸೀಟಿನಿಂದ ಎಗರಿ ಬಿದ್ದಳು.

"ಇಳಿಸಪ್ಪಾ. ಇದ್ರಲ್ಲಿ ಹೋದ್ರೆ ಅಕ್ಕನೇ ನನ್ನ ನೋಡಕ್ಕೆ ಬರ್ಬೇಕಾಗ್ತದೆ" ಎಂದಳು. ನನಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು.

ನಮ್ಮ ಪುರಾಣಗಳಲ್ಲಿ ರಥಗಳಿಗೇನು ಕೊರತೆ? ಧ್ವಜದ ವರ್ಣನೆ, ಕುದುರೆಗಳ ವರ್ಣನೆ ಪುಟಗಟ್ಟಲೆ ಇದೆ. ಇಳಿದ ಮೇಲೆ ಸೊಂಟ ಹಿಡಿಯಿತು ಎಂದು ಒಬ್ಬ ವೀರನೂ ಗೊಣಗಿದ್ದು ನಾನು ಕೇಳಿಲ್ಲ. ಕವಿಗಳು ತಾಯಂದಿರನ್ನು ರಥದಲ್ಲಿ ಕೂರಿಸಿಕೊಂಡು ಹೋದವರಲ್ಲವೆಂದು ಕಾಣುತ್ತದೆ.

ಮಾರನೆಯ ದಿನ ಚಿಂತಾಮಣಿಗೆ ಓಡಿದೆ. "ಅವತ್ತೇ ಹೇಳಕ್ಕೆ ಬಂದೆ, ನೀವು ಕೇಳ್ಲಿಲ್ಲ ಸಾಮಿ" ಎಂದರು ಸಾಬರು. "ಲಾರಿ ಪ್ಲೇಟು ಅದು, ಇಬ್ರಿಗೆಲ್ಲ ಬಗ್ಗಲ್ಲ. ತುಂಬ ಜನಾನ ಕೂರಿಸ್ಕೊಳ್ಳಿ, ಮೆತ್ತಗೆ ಹೋಗ್ತದೆ." ಪ್ಲೇಟು ತೆಗೆಸಬೇಕೆಂದರೆ ಬಂಪರನ್ನೂ ತೆಗೆಸಬೇಕು. ಅಷ್ಟು ವೈರಾಗ್ಯ ನನಗಿರಲಿಲ್ಲ.

ಊರಲ್ಲಿ ಆಗಷ್ಟೇ ರೇಷ್ಮೆ ಗೂಡು ಬಿಡಿಸಿ ಎಲ್ಲರೂ ಬಿಡುವಾಗಿದ್ದರು. ಭಾರಕ್ಕೆ ಬನ್ನಿ ಎಂದು ನೆರೆಯವರನ್ನು ಕರೆದೆ, ಕರೆಯದವರೂ ಹತ್ತಿದರು. ಅಮ್ಮ, ನಾನು ಸೇರಿ ಒಂಬತ್ತು ಜನ. ಜೀಪು ಒಮ್ಮೆ ನಿಟ್ಟುಸಿರು ಬಿಟ್ಟು ತಗ್ಗಿತು, ಆಮೇಲೆ ತೂಗುತ್ತ ಹೊರಟಿತು. ಹಿಪ್ಪುನೇರಳೆ ಹೊಲಗಳು, ದೂರದ ಬೋಳುಗುಡ್ಡಗಳು ನಿಧಾನವಾಗಿ ಹಿಂದೆ ಸರಿದವು. ಯಾರೋ ತೆಲುಗಿನಲ್ಲಿ ಏನೋ ಗುನುಗುತ್ತಿದ್ದರು. ಅಮ್ಮ ಪಕ್ಕದ ಮನೆಯ ನಾರಾಯಣಮ್ಮನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಹುಣಸೆಮರಗಳ ನೆರಳು ಅವಳ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ಮಂಡಿಕಲ್ಲು ಇನ್ನಷ್ಟು ದೂರವಿರಬಾರದಿತ್ತೇ ಎನಿಸಿತು.

ನಡುಮನೆಯಲ್ಲಿ ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕ ತಂಗಿಯರು ಕೈ ಕೈ ಹಿಡಿದುಕೊಂಡರು. ಇಬ್ಬರ ಕಣ್ಣೂ ತುಂಬಿದವು. ಅಷ್ಟರಲ್ಲಿ ದೊಡ್ಡಮ್ಮನ ನೋಟ ಬಾಗಿಲಲ್ಲಿ ಸಾಲಾಗಿ ನಿಂತ ತಲೆಗಳ ಮೇಲೆ ಬಿತ್ತು.

"ಅಯ್ಯೋ, ಇಷ್ಟು ಜನಾನ ಕರ್ಕೊಂಡು ಬಂದಿದ್ದೀಯಲ್ಲೇ! ಹಸಿದ ಹೊಟ್ಟೇಲಿ ಕಳ್ಸಕ್ಕಾಗ್ತದಾ?" ಎಂದು ಗೋಡೆ ಹಿಡಿದು ಎದ್ದು, ಸೆರಗು ಸಿಕ್ಕಿಸಿಕೊಂಡು, ಮುದ್ದೆಗೆ ಎಸರಿಡಲು ಹೊರಟೇಬಿಟ್ಟಳು. ತಡೆಯಲು ಹೋದ ಸೊಸೆಗೆ ಅಮ್ಮ ಬೇಡವೆಂದು ಕಣ್ಸನ್ನೆ ಮಾಡಿದಳು. ಅಮ್ಮನೊಬ್ಬಳೇ ಬಂದಿದ್ದರೆ ಇಬ್ಬರೂ ಅತ್ತು ಮುಗಿಸುತ್ತಿದ್ದರು. ಬಂದದ್ದು ಒಂಬತ್ತು ಹೊಟ್ಟೆ. ಅಳುವುದಕ್ಕೆ ದೊಡ್ಡಮ್ಮನಿಗೆ ಪುರುಸೊತ್ತೇ ಸಿಗಲಿಲ್ಲ.