ಕೊಟ್ರಮ್ಮ ಮತ್ತು ಗೋಡೆಯಾಚೆಯ ವೈಫೈ

ಕೊಟ್ಟೂರಿನ ಕೊಟ್ರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಹಣಿ, ಜಾತಿ ಪ್ರಮಾಣಪತ್ರ ಅಂತ ಅವಳ ಆನ್‌ಲೈನ್ ಸೆಂಟರಿಗೆ ಬರುವವರು ಮಾನ ಮರ್ಯಾದೆಯನ್ನು ಹೊಸ್ತಿಲಾಚೆಗೇ ಬಿಟ್ಟು ಬರಬೇಕು. ಆದರೂ ಬರುತ್ತಿದ್ದರು, ಕೆಲಸ ಅಷ್ಟು ಚೊಕ್ಕ. ಗಂಡ ತೀರಿಕೊಂಡ ಮೇಲೆ ಟೈಪಿಂಗ್ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಯಾರಿಗೂ ಕೈಚಾಚದೆ ಬದುಕಿದ ಹೆಂಗಸು.

ಕೈಚಾಚದೆ ಅಂದರೆ ಪೂರ್ತಿ ನಿಜವಾಗುವುದಿಲ್ಲ. ಇಂಟರ್ನೆಟ್ ಮಾತ್ರ ಗೋಡೆಯಾಚೆಯ ಮೈದುನ ಜಂಬಣ್ಣನ ಮನೆಯಿಂದ ಬರುತ್ತಿತ್ತು. ಹೊಲ, ಮನೆ, ಕಡೆಗೆ ಅಟ್ಟದ ಮೇಲಿನ ಹಂಡೆಗಳೂ ಪಾಲಾಗಿದ್ದವು. ಪಾಲಾಗದೆ ಉಳಿದಿದ್ದು ಆ ವೈಫೈ ಒಂದೇ. ಓಣಿಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿ ಕೂರುವಂತಿರಲಿಲ್ಲ. ಅವನ ರೂಟರ್ ನಿಂತರೆ ಇವಳ ಸೆಂಟರ್ ನಿಂತಂತೆ. ಇದು ನೆನಪಾದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಅವತ್ತು ಬೆಳೆವಿಮೆ ಕಟ್ಟಲು ಕಡೇ ದಿನ. ಕೋಣೆ ತುಂಬ ಜನ. ಕೊಟ್ರಮ್ಮ ಕಂಪ್ಯೂಟರ್ ಚಾಲು ಮಾಡಿದರೆ ವೈಫೈ ಪಟ್ಟಿಯಲ್ಲಿ ಜಂಬಣ್ಣನ ಹೆಸರೇನೋ ಬಂತು, ಆದರೆ ಸಿಗ್ನಲ್ ಒಂದೇ ಗೆರೆ. ಒತ್ತಿದರೆ ಕನೆಕ್ಟ್ ಆಗದೆ ಬಿದ್ದುಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದಳು. ಪಾಸ್‌ವರ್ಡ್ ಅಳಿಸಿ ಹೊಸದಾಗಿ ಹೊಡೆದಳು. ಊಹೂಂ.

“ಅಕ್ಕಾರ, ಬಸ್‌ಸ್ಟ್ಯಾಂಡ್ ಕಡಿಗೆ ಇನ್ನೊಂದು ಸೆಂಟರ್ ಐತಲ್ರಿ...” ಸಾಲಿನಲ್ಲಿ ಮುಂದಿದ್ದ ರೈತ ಹೆಂಗಸು ಓಬಮ್ಮ ಮೆಲ್ಲಗೆ ಎದ್ದಳು.

“ಕುಂದ್ರಬೇ ಸುಮ್ನ!” ಎಂದು ಗದರಿ ಕೊಟ್ರಮ್ಮ ಗೋಡೆಯತ್ತ ತಿರುಗಿದಳು. “ಲೇ ಜಂಬಣ್ಣಾ! ರೂಟರ್ ಎಲ್ಲಿ ಮುಚ್ಚಿಟ್ಟೀಯೋ? ನಾಕು ಮಂದಿ ನನ್ನ ಬಾಗ್ಲಿಗೆ ಬಂದ್ರ ನಿನ್ನ ಹೊಟ್ಟಿಗೆ ಬೆಂಕಿ ಬೀಳ್ತೈತೇನೋ! ನಿನ್ನ ಕೈ ಸೇದ್ಹೋಗ!”

ಓಣಿಯ ಬಾಗಿಲುಗಳೆಲ್ಲ ತೆರೆದವು. ಜಂಬಣ್ಣ ಉಣ್ಣುತ್ತಿದ್ದ ಕೈಯಲ್ಲೇ ಬಂದ. ಎಡಗೈಯಲ್ಲಿದ್ದ ತನ್ನ ಮೊಬೈಲನ್ನು ಅವಳ ಟೇಬಲ್ ಮೇಲಿಟ್ಟ.

“ನೋಡ್ರಿ ಅತ್ತಿಗಿ, ಇಲ್ಲೇ ವೈಫೈ ಫುಲ್ ಬರ್ತೈತಿ. ಕೆಟ್ಟಿದ್ದು ನಿಮ್ಮ ಕಂಪ್ಯೂಟರ್.” ಬಗ್ಗಿ ಸಿಪಿಯು ತಿರುಗಿಸಿದ. “ಹಿಂದ ಎರಡು ಆಂಟೆನಾ ಕಡ್ಡಿ ಇದ್ವಲ್ಲ, ಎಲ್ಲಿ ಅವು?”

ಓಬಮ್ಮನೇ ಕೋಣೆಯ ಮೂಲೆಯಲ್ಲಿದ್ದ ದೇವರ ಗೂಡಿನತ್ತ ಬೆರಳು ತೋರಿಸಿದಳು. ಹಿಂದಿನ ದಿನ ಅಮಾವಾಸ್ಯೆ. ಅಂಗಡಿಯವರು ತಕ್ಕಡಿ, ಮಿಷನ್ನು ತೊಳೆದು ಪೂಜೆ ಮಾಡುವ ಹಾಗೆ ಕೊಟ್ರಮ್ಮನೂ ಕಂಪ್ಯೂಟರ್ ಒರೆಸಿದ್ದಳು. ಬಟ್ಟೆಗೆ ಅಡ್ಡ ಬಂದ ಕರಿ ಕಡ್ಡಿಗಳನ್ನು ಬಿಚ್ಚಿ, ವಿಭೂತಿ ಹಚ್ಚಿ, ತೆಂಗಿನಕಾಯಿಯ ಪಕ್ಕ ಇಟ್ಟು ಅಲ್ಲೇ ಮರೆತಿದ್ದಳು.

ಜಂಬಣ್ಣ ಕೈ ಒರೆಸಿಕೊಂಡು ಅವನ್ನು ತಿರುಗಿಸಿ ಕೂರಿಸಿದ. ಪರದೆಯಲ್ಲಿ ಗೆರೆಗಳು ತುಂಬಿದವು, ವಿಮೆಯ ಪುಟ ತೆರೆಯಿತು. ಹಿಂದೆ ಯಾರೋ ಕಿಸಕ್ಕೆಂದರು.

ಅವಳು ‘ತಪ್ಪಾತಪ್ಪ’ ಅಂದಿದ್ದರೆ ಸಾಕಿತ್ತು. ಅವನು ಅದಕ್ಕೇ ಕಾದು ನಿಂತಿದ್ದ. ಮಾತು ಅವಳ ಗಂಟಲತನಕ ಬಂದಿತ್ತು ಕೂಡ. ಆದರೆ ಆ ನಗು ಕಿವಿಯಲ್ಲಿ ಚುಚ್ಚುತ್ತಿತ್ತು. ಇಷ್ಟು ಮಂದಿಯ ಎದುರು ಇವನಿಗೆ ಸೋಲುವುದೇ? ಥೂ!

“ಬಿಚ್ಚಿಟ್ಟಾಂವ ನೀನೇ ಇರಬೇಕು,” ಅಂದುಬಿಟ್ಟಳು. “ಇಲ್ಲಾಂದ್ರ ಬಂದ ಕೂಡ್ಲೆ ನಿಂಗ ಹ್ಯಾಂಗ ಗೊತ್ತಾತು?”

ಜಂಬಣ್ಣ ಅವಳ ಮುಖವನ್ನೇ ನೋಡಿದ. “ನನ್ನ ಹೆಂಡ್ತಿ ದಿನಾ ನಿಮಗ ವೈಫೈ ಬಂದ್ ಮಾಡು, ಬಂದ್ ಮಾಡು ಅಂತಿದ್ಲು. ಬ್ಯಾಡ ಅಂತಿದ್ದಾಂವ ನಾನು,” ಅಂದು ಹೊರಟುಹೋದ.

ಓಬಮ್ಮನ ಸರ್ವೆ ನಂಬರ್ ಅರ್ಧ ಹೊಡೆಯುವಷ್ಟರಲ್ಲಿ ಪುಟ ನಿಂತಿತು. ವೈಫೈ ಪಟ್ಟಿಯಲ್ಲಿ ಓಣಿಯ ಬೇರೆಯವರ ಹೆಸರುಗಳಿದ್ದವು, ಜಂಬಣ್ಣನದಿರಲಿಲ್ಲ. ಓಬಮ್ಮ ತನ್ನ ಕಾಗದ ಎತ್ತಿಕೊಂಡಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರೇ ಎದ್ದು ಬಸ್‌ಸ್ಟ್ಯಾಂಡ್ ಕಡೆ ನಡೆದರು.

“ನೋಡಿದ್ರಿಲ್ಲ!” ಖಾಲಿ ಕೋಣೆಯಿಂದ ಕೊಟ್ರಮ್ಮ ಅವರ ಬೆನ್ನಿಗೆ ಕೂಗಿದಳು. “ನಾ ಹೇಳಿದ್ನಿಲ್ಲ, ಬಂದ್ ಮಾಡಾಂವ ಅವನೇ ಅಂತ!”