ಕುಟ್ಟಾಣಿ ಮಾಡಿದ ಸಾರ

ಅವನನ್ನು ಎಲ್ಲರೂ ಕುಟ್ಟಾಣಿ ಎಂದೇ ಕರೆಯುತ್ತಿದ್ದರು. ಬೇರು, ತೊಗಟೆ ಕುಟ್ಟುವುದು ಕಸುಬು. ಸಿಟ್ಟು ನೆತ್ತಿಗೇರಿದರೆ ಮನುಷ್ಯರನ್ನೂ ಬಿಡುತ್ತಿರಲಿಲ್ಲ. ಮೂಟೆಯ ತಳದಲ್ಲಿ ಹುಳುಕು ಬೇರು ತುಂಬಿ ತಂದ ವ್ಯಾಪಾರಿಯ ಎರಡು ಹಲ್ಲು ಉದುರಿಸಿದ್ದ. ಸೋಸುವ ಬಟ್ಟೆಯನ್ನು ತೊಳೆಯದೆ ಬಳಸಿದ ಕೆಲಸದವನ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ಮಾಲಿನ ವಿಷಯದಲ್ಲಿ ಅವನು ಯಾರಪ್ಪನಿಗೂ ಹೆದರುವವನಲ್ಲ.

ಮನೆಯ ಹಿಂದಿನ ಎರಡು ಕೋಣೆಗಳೇ ಕಾರ್ಖಾನೆ. ಒಣಬೇರನ್ನು ಕಬ್ಬಿಣದ ಒರಳಲ್ಲಿ ಕುಟ್ಟಿ, ಗಾಜಿನ ಜಾಡಿಗಳಲ್ಲಿ ವಾರಗಟ್ಟಲೆ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಬಿಸಿನೀರಿನ ಮೇಲಿಟ್ಟು ನಿಧಾನವಾಗಿ ಇಂಗಿಸುತ್ತಿದ್ದ. ಕೊನೆಗೆ ಒಂದು ತೊಟ್ಟನ್ನು ಬಿಳಿ ಕಾಗದದ ಮೇಲೆ ಬಿಟ್ಟು, ಒಣಗಿದ ಕಲೆಯನ್ನು ಬೆಳಕಿಗೆ ಹಿಡಿಯುವನು. ಅಂಚು ಕಲಸಿಹೋಗಿದ್ದರೆ ಇಡೀ ಜಾಡಿ ಚರಂಡಿಗೆ. ಮಂಡಿಯ ಊತಕ್ಕೆ, ಕೀಲುನೋವಿಗೆ ಆ ಸಾರ ಕುಡಿದರೆ ಗುಣ ಕಾಣುತ್ತಿತ್ತು, ಸುಳ್ಳಲ್ಲ.

ಮಾರುವುದು ಅಣ್ಣನ ಪಾಲು. ಅಣ್ಣನದು ಎಲುಬಿಲ್ಲದ ನಾಲಿಗೆ. ಒಂದು ದಿನ ಹೊಸ ಲೇಬಲ್ ಅಚ್ಚು ಹಾಕಿಸಿ ತಂದ: ‘ಊತ ಇಳಿಸುತ್ತದೆ. ಗಡ್ಡೆ ಕರಗಿಸುತ್ತದೆ. ಕ್ಯಾನ್ಸರ್ ತಡೆಯುತ್ತದೆ.’

“ಇದೇನಣ್ಣ ಇದು?”

“ಯಾರೋ ಈ ಬೇರನ್ನ ಇಲಿಗೆ ಕೊಟ್ಟು ನೋಡಿದಾರಂತೆ, ಪೇಪರಲ್ಲಿ ಬಂದಿತ್ತು. ನೀನು ಕುಟ್ಟು, ಮಾತು ನನಗೆ ಬಿಡು.”

“ಇಲಿ ಬಂದು ಕೊಂಡ್ಕೊಳ್ಳುತ್ತಾ ನಿನ್ನ ಹತ್ರ?”

ಅಣ್ಣ ನಕ್ಕ. ಕುಟ್ಟಾಣಿಯೂ ನಕ್ಕು ಒರಳಿನ ಮುಂದೆ ಕೂತ. ಹುಳುಕು ಬೇರಿಗೆ ಹಲ್ಲು ಉದುರಿಸಿದವನು ಈ ಹುಳುಕಿಗೆ ಕೈ ಎತ್ತಲಿಲ್ಲ. ಕತೆ ಹೇಳುತ್ತಿರುವ ನನಗೆ ಅವನ ಮೇಲಿರುವ ಸಿಟ್ಟೇ ಇದು.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಕುಟ್ಟಾಣಿ ಊಟಕ್ಕೆ ಬಂದಾಗ, ಅಡುಗೆಮನೆಯಲ್ಲಿ ಅತ್ತಿಗೆ ಮೇಲಿನ ಹಲಗೆಯ ಪಾತ್ರೆಗೆ ಕೈ ಎತ್ತಲು ಹೋಗಿ ಚೀರಿ ಕುಸಿದಳು. ತಾಯಿಯಿಲ್ಲದ ಅವನಿಗೆ ಎಂಟನೆಯ ವಯಸ್ಸಿನಿಂದ ಉಣಿಸಿ ಬೆಳೆಸಿದವಳು ಅವಳು. ಎತ್ತಿ ಕೂರಿಸಲು ಕಂಕುಳಿಗೆ ಕೈ ಕೊಟ್ಟ. ಬೆರಳಿಗೆ ಕಲ್ಲಿನಂಥ ಗಂಟು ತಗುಲಿತು.

“ಎಷ್ಟು ದಿನದಿಂದ ಅತ್ತಿಗೆ ಇದು?”

“ನಾಲ್ಕು ತಿಂಗಳಾಯ್ತೇನೋ. ಎದೆಯಲ್ಲೂ ಇದೆ. ಡಾಕ್ಟ್ರು ಬೇಗ ಆಪರೇಷನ್ ಮಾಡಿಸ್ಕೊ ಅಂದ್ರು. ಕೊಯ್ಯೋದು ಅಂದ್ರೆ ಭಯ ಕಣೋ, ಯಾರಿಗೂ ಹೇಳಲಿಲ್ಲ. ನಿನ್ನ ಸಾರ ಕುಡೀತಾ ಇದೀನಲ್ಲ, ಕರಗುತ್ತೆ ಬಿಡು.”

ಒಲೆಯ ಕೆಳಗೆ ಖಾಲಿ ಬಾಟಲಿಗಳು ಸಾಲಾಗಿದ್ದವು. ಅವನು ಅವಳನ್ನು ಗೋಡೆಗೆ ಒರಗಿಸಿ ಎದ್ದ.

ಮುಂದಿನ ಕೋಣೆಯಲ್ಲಿ ಲೇಬಲ್ ಅಂಟಿಸುತ್ತಿದ್ದ ಅಣ್ಣನ ಕೊರಳಪಟ್ಟಿ ಹಿಡಿದು ಮೇಜಿನ ಮೇಲಿಂದ ಎಳೆದ. ಮುಖವನ್ನು ಗಾಜಿನ ಬೀರುವಿಗೆ ಬಡಿದ. ತುಟಿ ಸೀಳಿ ರಕ್ತ ಲೇಬಲ್ಲುಗಳ ಮೇಲೆ ಸುರಿಯಿತು. ಬಿದ್ದವನ ಪಕ್ಕೆಗೆ ಒದ್ದ. ಒಳಗೆ ಏನೋ ಲಟಕ್ಕೆಂದಿತು.

“ಕೊಲ್ತೀಯೇನೋ!”

“ಹೂಂ, ಕೊಲ್ತೀನಿ! ನಿನ್ನ ಹೆಂಡ್ತೀನ ನೀನು ಕೊಲ್ತಾ ಇದೀಯ!”

ಕಾಲು ಹಿಡಿದು ಹಿಂದಿನ ಕೋಣೆಗೆ ದರದರನೆ ಎಳೆದೊಯ್ದ. ಒಂದೊಂದೇ ಜಾಡಿ ಎತ್ತಿ ಗೋಡೆಗೆ ಅಪ್ಪಳಿಸಿದ. ಸ್ಪಿರಿಟ್ಟಿನ ಘಾಟಿಗೆ ಕಣ್ಣು ಉರಿಯಿತು, ಗಾಜು ಅಂಗಾಲಿಗೆ ಹೊಕ್ಕಿತು, ನೆಲದಲ್ಲಿ ಸಾರವೂ ರಕ್ತವೂ ಒಂದಾದವು. ಕೊನೆಗೆ ಕುಟ್ಟುವ ಕಬ್ಬಿಣದ ಒನಕೆಯನ್ನು ಅಣ್ಣನ ತಲೆಯ ಮೇಲೆತ್ತಿದ.

“ಬಿಡೋ ಅವರನ್ನ.” ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಅವರ ಮಾತು ನಂಬಿ ನಾನೆಲ್ಲಿ ಕುಡಿದೆ? ಮದುವೆಯಾದಾಗಿಂದ ಅವರ ಸುಳ್ಳು ಕೇಳ್ತಾ ಇದೀನಿ. ನೀನು ಮಾಡಿದ್ದು ಅಂತ ಕುಡಿದೆ. ಲೇಬಲ್ ಸುಳ್ಳಾಗಿದ್ರೆ ಅವತ್ತೇ ಬಡಿದುಹಾಕ್ತಿದ್ದೆ ನೀನು, ಅಂದ್ಕೊಂಡೆ.”

ಒನಕೆ ಕೈಜಾರಿ ಅವನದೇ ಪಾದದ ಮೇಲೆ ಬಿತ್ತು. ಅವನಿಗೆ ನೋವೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆಗಳಾದವು. ರೋಗ ಬೆನ್ನೆಲುಬಿಗೂ ಹರಡಿದೆ, ಕೊಯ್ದು ತೆಗೆಯುವ ಕಾಲ ಮೀರಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರಮ್ಮ. ಅವರಿಗೂ ಸಿಟ್ಟು ಬಂದಿತ್ತು.

“ಇಷ್ಟು ದಿನ ಏನೋ ಕುಡೀತಿದ್ರಂತಲ್ಲ, ಯಾರ್ರೀ ಅದನ್ನ ಕೊಟ್ಟಿದ್ದು?”

ತುಟಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಅಣ್ಣ ಏನೋ ಹೇಳಲು ಹೊರಟ. ಕುಟ್ಟಾಣಿ ಕುಂಟುತ್ತಾ ಅವನ ಮುಂದೆ ಬಂದು ನಿಂತ.

“ನಾನು ಮಾಡಿದ್ದು ಡಾಕ್ಟ್ರೇ,” ಎಂದ. “ಅದಕ್ಕೇ ಕುಡಿದ್ರು.”